ಕೆಂಪು ಕಾರಿಗೆ ಹಾಕಿದ ಒಂದು ಚೊಂಬು ನೀರು

ನೇರವಾಗಿ ಮಾತಾಡುವವಳು ಎಂದು ಬಾಗೂರಿನಲ್ಲಿ ನನಗೆ ಹೆಸರಿದೆ. ಹಿಟ್ಟಿನ ಗಿರಣಿ ನಡೆಸುವವಳಿಗೆ ಬೇರೆ ದಾರಿಯೂ ಇಲ್ಲ. ರಾಗಿಯಲ್ಲಿ ಕಲ್ಲಿದ್ದರೆ ಕಲ್ಲಿದೆ ಎನ್ನಬೇಕು. ಗೋಧಿ ಒಣಗಿಸದೆ ತಂದರೆ ಎಂಥ ದೊಡ್ಡ ಮನೆಯ ಸೊಸೆಯಾದರೂ ವಾಪಸು ಅಟ್ಟಬೇಕು. ಆದರೆ ತಲೆ ಪೂರ್ತಿ ನೆರೆತ ಮೇಲೆ ಒಂದು ವಿಷಯ ತಿಳಿಯಿತು. ನೇರ ಮಾತು ಸಲೀಸಾಗಿ ಬರುವುದು ಬೇರೆಯವರ ತಪ್ಪಿನ ವಿಷಯದಲ್ಲಿ. ನನ್ನ ತಪ್ಪಿನ ಸರದಿ ಬಂದರೆ ಇದೇ ನಾಲಿಗೆ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗಲು ಹೊಳೆನರಸೀಪುರದ ದಾರಿ ಹಿಡಿಯುತ್ತದೆ. ಅದಕ್ಕೇ, ಸುತ್ತುವ ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಕೃಷ್ಣೇಗೌಡನ ಕೆಂಪು ಕಾರಿನ ಇಂಜಿನ್ ಕೆಡಿಸಿದವಳು ನಾನೇ.

ಕೃಷ್ಣೇಗೌಡ, ಅಂದರೆ ನಮ್ಮ ಕಿಟ್ಟ, ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅರಕಲಗೂಡಿನಿಂದ ಹಾಸನ, ಹಾಸನದಿಂದ ಅರಕಲಗೂಡು. ಅದೇ ರಸ್ತೆ, ಅದೇ ಗುಂಡಿ. ಬೆನ್ನ ಹಿಂದೆ ಅರವತ್ತು ಜನ, ಅವರ ಕೋಳಿ, ಅವರ ಹಲಸಿನಹಣ್ಣು, ಅವರ ವಾಂತಿ. ರಿಟೈರಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ನನ್ನ ಗಿರಣಿಗೆ ಬಂದು, "ಅಕ್ಕಾ, ಇನ್ಮೇಲೆ ಇಬ್ರಿಗಿಂತ ಜಾಸ್ತಿ ಜನ ಕೂರೋ ಗಾಡೀನ ನಾನು ಮುಟ್ಟಾಕಿಲ್ಲ ಕಣಕ್ಕ" ಅಂದ. ತಮಾಷೆ ಎಂದುಕೊಂಡೆ. ವರ್ಷ ತುಂಬುವುದರೊಳಗೆ ಹಾಸನದ ಕಂಟ್ರಾಕ್ಟರೊಬ್ಬರ ಸ್ಪೋರ್ಟ್ಸ್ ಕಾರು ಕೊಂಡು ತಂದೇಬಿಟ್ಟ. ಆ ಮನುಷ್ಯನಿಗೆ ಹೊಟ್ಟೆ ಬೆಳೆದು ಸ್ಟೇರಿಂಗ್ ತಿರುಗಿಸಲು ಜಾಗವೇ ಉಳಿದಿರಲಿಲ್ಲವಂತೆ. ಎರಡೇ ಸೀಟು. ಮೇಲಿನ ಹೊದಿಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ. ನೆಲಕ್ಕೂ ಅದಕ್ಕೂ ಒಂದು ಗೇಣು. ಬಣ್ಣ ಒಣಗಿದ ಮೆಣಸಿನಕಾಯಿಯದು. ಅದರ ಸದ್ದೋ, ಬೆಲ್ಟು ತಿರುಗುವ ಗದ್ದಲದ ನಡುವೆಯೂ ನನಗೆ ಊರ ತಿರುವಿನಲ್ಲೇ ಕೇಳಿಸಿತು. ಹುಲಿ ಹೊಟ್ಟೆ ತುಂಬಿಸಿಕೊಂಡು ಗುರುಗುಟ್ಟಿದ ಹಾಗೆ. "ಈ ಸದ್ದಿಗೇ ಸೋತೋದೆ ಕಣಕ್ಕ" ಎಂದು ಕಿಟ್ಟ ಅದರ ಮೂತಿ ಸವರಿದ. ಹೆಂಡತಿಯ ಕೆನ್ನೆಯನ್ನೂ ಅವನು ಹಾಗೆ ಸವರಿದ್ದನ್ನು ನಾನು ಕಂಡಿಲ್ಲ.

ಆ ಹೆಂಡತಿ ಸಾಕಮ್ಮ ಕಾರನ್ನು ಒಂದು ಸುತ್ತು ಹಾಕಿ, "ಒಂದು ಮೂಟೆ ರಾಗಿ ಇಡಾಕೂ ಜಾಗ ಇಲ್ಲ. ಕೂತ್ರೆ ಎಬ್ಸಾಕೆ ನಾಕ್ ಜನ ಬೇಕು. ಅತ್ಗೆಮ್ಮಾ, ನೀವೇ ಕೂತ್ಕೊಳ್ಳಿ" ಅಂದಳು. ಎರಡನೆಯ ಸೀಟು ಹೀಗೆ ನನ್ನ ಪಾಲಿಗೆ ಬಂತು. ಬೇಡ ಬೇಡ ಎನ್ನುತ್ತಲೇ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದೆ.

ಗಿರಣಿಯ ಮುಂದೆಯೇ ಪೂಜೆ. ಕಳಸ, ಕಾಯಿ, ನಿಂಬೆಹಣ್ಣು ಎಲ್ಲ ಆಯಿತು. ಬಾನೆಟ್ ತೆಗೆದು ಇಂಜಿನ್ನಿಗೂ ಕುಂಕುಮ ಇಟ್ಟೆವು. ಚಕ್ರದ ಕೆಳಗೆ ಇಡಲು ಇನ್ನೆರಡು ನಿಂಬೆಹಣ್ಣು ಬೇಕೆಂದು ಕಿಟ್ಟ ಅಂಗಡಿಗೆ ಹೋದ. ಆಗ ನನ್ನ ಕೈಯಲ್ಲಿ ಕಳಸದ ಚೊಂಬಿತ್ತು. ನನ್ನ ಗಿರಣಿಯ ಡೀಸೆಲ್ ಇಂಜಿನ್ನಿಗೆ ತಲೆಯ ಮೇಲೆ ನೀರಿನ ತೊಟ್ಟಿ. ದಿನಾ ಬೆಳಿಗ್ಗೆ ಅದಕ್ಕೆ ನೀರು ತುಂಬಿಸದೆ ನಾನು ಕಾಫಿಯನ್ನೂ ಕುಡಿದವಳಲ್ಲ. ಇಂಜಿನ್ ಕಂಡರೆ ನೀರು ಹುಯ್ಯುವುದು, ಹಸು ಕಂಡರೆ ಹುಲ್ಲು ಎಸೆದ ಹಾಗೆ, ಕೈಗೆ ಅಂಟಿದ ಅಭ್ಯಾಸ. ನೋಡಿದೆ, ತಲೆಯ ಮೇಲೇ ಒಂದು ಮುಚ್ಚಳ. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಸೊನ್ನೆ, ಒಂದು ಕಡ್ಡಿ, ಇನ್ನೊಂದು ಬುಡ ಮುರಿದ ಕಡ್ಡಿ. ನಾನು ಕನ್ನಡದಲ್ಲೇ ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮುಚ್ಚಳ ತಿರುಗಿಸಿ ಚೊಂಬು ಬಗ್ಗಿಸಿದೆ. ನೀರು, ತುಳಸಿ, ಅಕ್ಷತೆ ಎಲ್ಲ ಗಟಗಟ ಇಳಿಯಿತು. ಬಾಯಾರಿತ್ತು ಪಾಪ, ಎಂದುಕೊಂಡು ಮುಚ್ಚಳ ಹಾಕಿದೆ.

ಆಮೇಲಿನ ಸವಾರಿಯನ್ನು ಏನು ಹೇಳಲಿ! ಚನ್ನರಾಯಪಟ್ಟಣ ದಾಟಿ ಹೈವೇಗೆ ಬಿದ್ದ ಮೇಲೆ ಕಿಟ್ಟ ಕಾಲು ಒತ್ತಿದ. ಸೆರಗು ಹಾರಿ ಮುಖಕ್ಕೆ ಬಡಿಯಿತು, ತುರುಬು ಬಿಚ್ಚಿತು. ಲಾರಿಗಳು ನಿಂತಲ್ಲೇ ನಿಂತ ಹಾಗೆ ಹಿಂದೆ ಹೋದವು. ಬಾಯಿ ತೆರೆದರೆ ಗಾಳಿಯೇ ಊಟ. ಆದರೂ ತೆರೆದು, "ಇನ್ನೂ ಬುಡ್ಲಾ, ಇನ್ನೂ ಬುಡು!" ಎಂದು ಕೂಗಿದೆ. ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಹಿರೀಸಾವೆಯ ಹೋಟೆಲೊಂದರ ಮುಂದೆ ಬಂದಾಗ ಹುಲಿ ಕೆಮ್ಮಿತು, ಒಳಗೆ ಕಬ್ಬಿಣ ಕುಟ್ಟಿದ ಸದ್ದಾಯಿತು, ನಿಂತಿತು. ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದ ಬೆಂಗಳೂರು ಬಸ್ಸೊಂದರ ಕಿಟಕಿಯಿಂದ ಕಿಟ್ಟನ ಹಳೆಯ ಕಂಡಕ್ಟರು ತಲೆ ಹಾಕಿ, "ಏನಣ್ಣೋ, ಜಾಗ ಐತೆ, ಅಕ್ಕನ್ನೂ ಕರ್ಕೊಂಡು ಹತ್ತಣ್ಣೋ! ರೈಟ್!" ಎಂದು ಸೀಟಿ ಊದಿದ. ತೆಂಗಿನಕಾಯಿ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಚನ್ನರಾಯಪಟ್ಟಣಕ್ಕೆ ವಾಪಸಾದೆವು.

ಅಲ್ಲಿ ಮೆಕ್ಯಾನಿಕ್ ಮುನೀರ್ ಸಾಬರ ಶೆಡ್ಡು. ಅವರು ಆಯಿಲ್ ನೋಡುವ ಕಡ್ಡಿ ಎಳೆದರು. ತುದಿಯಲ್ಲಿ ಮೆತ್ತಿದ್ದ ಆಯಿಲಿಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. "ನೀರು ಆಯಿಲು ಬೆರೀದಂಗೆ ತಡೆಯೋ ಗ್ಯಾಸ್ಕೆಟ್ ಹೋಗಿರಬೇಕು ಗೌಡ್ರೆ. ನೀರು ಆಯಿಲಿಗೆ ಇಳಿದದೆ" ಎಂದರು. ಆಗ ನನಗೆ ಚೊಂಬು ನೆನಪಾಯಿತು. ಮುಚ್ಚಳ ತೋರಿಸಿ, ಇದರ ಮೇಲೇನು ಬರೆದಿದೆ ಎಂದು ಸುಮ್ಮನೆ ಕೇಳಿದೆ. "ಆಯಿಲ್ ಅಂತ ಅಮ್ಮ" ಎಂದರು. ನನ್ನ ಬಾಯಿಗೂ ಯಾರೋ ಮುಚ್ಚಳ ಹಾಕಿದ ಹಾಗಾಯಿತು.

ಮುನೀರ್ ಸಾಬರು ಎರಡು ದಾರಿ ಹೇಳಿದರು. ಒಂದು, ಇಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡುವುದು. ಸಾಮಾನು ಸಿಗುತ್ತದೋ ಇಲ್ಲವೋ, ಎಸ್‌ಟಿಡಿ ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿ ವಿಚಾರಿಸಬೇಕು. ಇನ್ನೊಂದು, ಹಳ್ಳಿಮೈಸೂರಿನಲ್ಲಿ ಪಲ್ಟಿಯಾಗಿ ಬಿದ್ದಿರುವ ವ್ಯಾನಿನ ಡೀಸೆಲ್ ಇಂಜಿನ್ ತಂದು ಇದಕ್ಕೆ ಕೂರಿಸುವುದು. "ಆದ್ರೆ ಅದು ಎತ್ತರ. ಬಾನೆಟ್ ಕತ್ತರಿಸಿ ಮೇಲೊಂದು ಗೂನು ಮಾಡ್ಬೇಕು."

"ಹುಲಿಗೆ ಎಮ್ಮೆ ಗಂಟ್ಲು, ಅದ್ರ ಮೇಲೆ ಗೂನು ಬೇರೆ!" ಎಂದು ಕಿಟ್ಟ ತಲೆಯ ಮೇಲೆ ಕೈ ಹೊತ್ತ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ನಿಂಗೆ ಇಂಜಿನ್ ಗೊತ್ತು. ನೀನು ಹೇಳ್ದಂಗೆ. ರಿಪೇರಿಯಾ, ಬದ್ಲಿಯಾ?"

ಬಿಚ್ಚಿದರೆ ಒಳಗೆ ನನ್ನ ಅಕ್ಷತೆ ಇದೆ. ಬದಲಾಯಿಸಿದರೆ ಹಳೆಯ ಇಂಜಿನ್ ಬಿಚ್ಚದೆಯೇ ಗುಜರಿ ಸೇರುತ್ತದೆ, ನನ್ನ ಮಾನ ಉಳಿಯುತ್ತದೆ. "ಬದ್ಲಿ ಮಾಡ್ಲಾ. ಹಳೇ ಇಂಜಿನ್ ರಿಪೇರಿ ಅಂದ್ರೆ ಹಳೇ ಸೀರೆಗೆ ತೇಪೆ. ಒಂದ್ಕಡೆ ಹೊಲುದ್ರೆ ಇನ್ನೊಂದ್ಕಡೆ ಪಿಸಿತದೆ" ಎಂದು ಅಪ್ಪಣೆ ಕೊಟ್ಟೆ.

"ಮತ್ತೆ ಗಿರಣಿ ಇಂಜಿನ್ ಬದ್ಲಾಯಿಸಾನ ಅಂದ ಭಾವನ ಜತೆ ಮೂರು ದಿನ ಯಾಕೆ ಮಾತು ಬಿಟ್ಟಿದ್ದೆ? ಅದುನ್ನ ನಾಕ್ ಸಲ ರಿಪೇರಿ ಮಾಡ್ಸಿದ್ದೀಯ."

"ಅದುಕ್ಕೇ ಹೇಳ್ತಾ ಇರೋದು. ಅನುಭವ ಕಣ್ಲಾ."

ಇನ್ನೂ ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಅವನು ಕೆಂಪು ಕಾರಿನ ಮೂತಿಯನ್ನೊಮ್ಮೆ ನೋಡಿ, "ಸರಿ ಬುಡು" ಅಂದ. ಅಷ್ಟು ಬೇಗ ಒಪ್ಪಿದ್ದು ನನಗೆ ವಿಚಿತ್ರವೆನಿಸಿತು. ಆದರೆ ಗೆದ್ದವಳು ಕಾರಣ ಕೇಳುತ್ತಾಳೆಯೇ? ಎರಡು ದಿನ ಕಳೆದು ಹಳ್ಳಿಮೈಸೂರಿಗೆ ಹೋಗಿ ಆ ಡೀಸೆಲ್ ಇಂಜಿನ್ ಚಾಲೂ ಮಾಡಿಸಿ ನೋಡಿದೆವು. ಅದರ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಡುಗುಡುಗು ಎಂದದ್ದೇ ಕೋಳಿ ಹಾರಿತು, ಕಿಟ್ಟನ ಮುಖ ಇಳಿಯಿತು. "ಒಳ್ಳೆ ಸದ್ದು, ನಮ್ಮ ಗಿರಣಿದೇ" ಎಂದು ನಾನು ಹೊಗಳಿದೆ.

ಮಾರನೆಯ ಮಧ್ಯಾಹ್ನ ಮುನೀರ್ ಸಾಬರು ಐದು ಸೇರು ರಾಗಿ ಹಿಡಿದು ನನ್ನ ಗಿರಣಿಗೆ ಬಂದರು. ಚನ್ನರಾಯಪಟ್ಟಣದಲ್ಲಿ ಗಿರಣಿಗೇನು ಬರವೇ? ರಾಗಿ ಕೆಳಗಿಟ್ಟು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದೆ. ಎಣ್ಣೆ ಮೆತ್ತಿದ ಹಳದಿ ಅಕ್ಕಿಕಾಳು, ಒಂದು ತುಳಸಿ ಕಡ್ಡಿ.

"ಇಂಜಿನ್ ಇಳಿಸಿದ್ವಿ ಅಮ್ಮ. ಕೆಳಗಿನ ತಟ್ಟೆ ತೆಗೆದು ನೋಡಿದೆ. ಗ್ಯಾಸ್ಕೆಟ್ ಚಿನ್ನದ ಹಾಗದೆ. ಆಯಿಲ್ ಎಳೆಯೋ ಜಾಲರೀಲಿ ಇದು ಕೂತಿತ್ತು. ನಿಮ್ಮನೇದಾ?"

"ತುಳಸಿ ನಮ್ಮನೇದು. ಅಕ್ಕಿ ಅಂಗಡೀದು" ಅಂದೆ. ನೇರವಾಗಿ.

ಅವರು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಬೇರಿಂಗ್ ಮಾತ್ರ ಹೋಗಿರೋದು. ಅದು ಸಿಗ್ತದಂತೆ, ಬೂತಿನಿಂದ ಕೇಳ್ದೆ. ತೊಳೆದು ಕೂರಿಸಿದ್ರೆ ಮೊದಲಿನ ಹಾಗೇ ಗುರ್ ಅಂತದೆ. ಆದ್ರೆ ಗೌಡ್ರು ಬದಲಿ ಅಂದವ್ರೆ, ನಿಮ್ಮ ಮಾತಿನ ಮೇಲೆ. ಇನ್ನೊಂದು ಗಂಟೇಲಿ ವೆಲ್ಡಿಂಗ್‌ನೋರು ಬತ್ತಾರೆ, ಬಾನೆಟ್ ಕತ್ತರಿಸಾಕೆ. ಕತ್ತರಿಸಿದ ಮೇಲೆ ತೂತು ತೂತೇ ಅಮ್ಮ. ನಾನೇನೂ ಹೇಳಾಕಿಲ್ಲ. ಹೇಳೋದು ಬಿಡೋದು ನಿಮಗೆ ಸೇರಿದ್ದು."

ಗಿರಣಿ ನಿಲ್ಲಿಸಿದೆ. ಸರತಿಯಲ್ಲಿದ್ದ ಹೆಂಗಸರು "ಏನಮ್ಮೋ, ನಮ್ಮ ಹಿಟ್ಟು?" ಎಂದು ಕೂಗುತ್ತಿರುವಾಗಲೇ ಮುನೀರ್ ಸಾಬರ ಲೂನಾದ ಹಿಂದೆ ಹತ್ತಿ ಕೂತೆ. ತಲೆಗೂದಲ ತುಂಬ ರಾಗಿ ಹಿಟ್ಟು. ಶೆಡ್ಡು ತಲುಪಿದಾಗ ಕಟಿಂಗ್ ಯಂತ್ರದ ಕಿಡಿ ಹಾರುತ್ತಿತ್ತು. ಕಿಟ್ಟ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದ. "ನಿಲ್ಸಯ್ಯಾ!" ಎಂದು ಕೂಗಿದೆ. ಕಾರಿಗೆ ಇನ್ನೂ ಕೈ ಹಾಕಿರಲಿಲ್ಲ, ಬೇರೆ ಯಾವುದೋ ತಗಡಿನ ಮೇಲೆ ಯಂತ್ರ ಓಡಿಸಿ ನೋಡುತ್ತಿದ್ದರು.

ಪೊಟ್ಟಣವನ್ನು ಕಿಟ್ಟನ ಅಂಗೈಗೆ ಹಾಕಿದೆ. "ನಾನೇ ಕಣ್ಲಾ. ಪೂಜೆ ದಿನ. ಒಂದು ಚೊಂಬು. ಬೈಯೋದಿದ್ರೆ ಬೈದುಬುಡು, ಗಿರಣಿ ನಿಲ್ಸಿ ಬಂದಿವ್ನಿ."

ಅವನು ಅಕ್ಕಿಕಾಳನ್ನು ಬೆರಳಿನಿಂದ ಹೊರಳಿಸಿದ. ಆಮೇಲೆ ಮೆಲ್ಲಗೆ, "ಚನ್ನರಾಯಪಟ್ಟಣ ದಾಟುತ್ಲೂ ಆಯಿಲ್ ದೀಪ ಕೆಂಪಗೆ ಹತ್ತಿತ್ತು ಕಣಕ್ಕ" ಅಂದ. "ಬಸ್ಸಾಗಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ. ನೀನು ಪಕ್ದಲ್ಲಿ ಬುಡ್ಲಾ ಬುಡ್ಲಾ ಅಂತ ಕುಣೀತಿದ್ದೆ. ನಂಗೂ ನಿಲ್ಸಾಕೆ ಮನ್ಸಾಗ್ಲಿಲ್ಲ. ಬಿಚ್ಚಿದ್ರೆ ಮೂವತ್ತು ವರ್ಷದ ಡ್ರೈವರು ದೀಪ ನೋಡ್ದೆ ಓಡ್ಸವ್ನೆ ಅಂತ ಜನ ನಗ್ತಾರೆ, ಅದುಕ್ಕೇ ಬದ್ಲಿ ಅಂದೆ."

ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಮುನೀರ್ ಸಾಬರು ವೆಲ್ಡಿಂಗಿನವನಿಗೆ, "ಹೋಗಪ್ಪಾ ನೀನು, ಇವರದು ಇನ್ನೂ ಬಿಚ್ಚೋದಿದೆ" ಎಂದರು.

ಮೂರು ವಾರಕ್ಕೆ ಹುಲಿ ಮತ್ತೆ ಗುರುಗುಟ್ಟಿತು. ಈಗ ಸಾಕಮ್ಮ ನಾನು ಚೊಂಬು ಹಿಡಿದು ಕಾರಿನ ಹತ್ತಿರ ಸುಳಿದರೆ ಸಾಕು, "ಅತ್ಗೆಮ್ಮಾ, ಚಕ್ರಕ್ಕೆ ಮಾತ್ರ!" ಎಂದು ಒಳಗಿನಿಂದಲೇ ಕೂಗುತ್ತಾಳೆ. ರಿಪೇರಿಯಾದ ಮೇಲೆ ಮೊದಲ ಸವಾರಿ ಹಿರೀಸಾವೆಗೇ ಹೋದೆವು, ನಿಂತು ಹೋದ ಜಾಗದಲ್ಲೇ ಮಾನ ವಾಪಸು ತರಬೇಕಲ್ಲ. ಅದೇ ಹೋಟೆಲು. ಮಾಲೀಕ ನಮ್ಮನ್ನು ಗುರುತು ಹಿಡಿದು, ಕಾಫಿ ತಂದಿಟ್ಟು, "ಅವತ್ತು ಏನಾಗಿತ್ತಮ್ಮ ಕಾರಿಗೆ?" ಎಂದು ಕೇಳಿದ. ಸುತ್ತಲ ನಾಲ್ಕು ಮೇಜಿನವರೂ ಕಿವಿ ಕೊಟ್ಟರು. ಕಿಟ್ಟ ನನ್ನ ಮುಖ ನೋಡಿದ. ನಾನು ಗಂಟಲು ಸರಿಮಾಡಿಕೊಂಡು, "ಮಾರಿದೋನು ಮೋಸ ಮಾಡಿದ್ದ ಕಣಪ್ಪ" ಅಂದೆ. ಲೋಟ ಎತ್ತಿ ಒಂದು ಗುಟುಕು ಕುಡಿದೆ. ಕಾಫಿಗೆ ಹಾಲು ಜಾಸ್ತಿಯಾಗಿತ್ತು. ಅದನ್ನು ಮಾಲೀಕನ ಮುಖಕ್ಕೇ, ನೇರವಾಗಿ ಹೇಳಿದೆ.