ದುರ್ಬೀನಿಗೆ ಬಂದ ಮೋತಿಬಿಂದು

ಆಕಾಶ ನೋಡುವ ಚಟ ಹತ್ತಿದವರಿಗೆ ನೆಲದ ಮೇಲಿನ ಫಜೀತಿಗಳು ತಪ್ಪುವುದಿಲ್ಲ. ನನ್ನ ಕಾಲಲ್ಲಿ ಚಕ್ರ ಇದೆ ಅಂತ ಅವ್ವ ಬೈಯುತ್ತಿದ್ದಳು. ಅವಳ ಮಾತು ಸುಳ್ಳಾಗಬಾರದೆಂದು ಮೂವತ್ತು ವರ್ಷ ನರ್ಸ್ ಕೆಲಸ ಹಿಡಿದು ಮಸ್ಕತ್, ನೈರೋಬಿ, ಡಬ್ಲಿನ್ ಅಂತ ತಿರುಗಿದೆ. ಈಗ ಶಹಾಪುರದಲ್ಲಿ ಮನೆ ಮಾಡಿಕೊಂಡು, ತಿರುಗುವ ಕೆಲಸವನ್ನು ಗ್ರಹಗಳಿಗೆ ಒಪ್ಪಿಸಿದ್ದೇನೆ. ಗೋಡೆ ತುಂಬ ಶನಿಯ ಬಳೆ, ನೀಹಾರಿಕೆಗಳ ಚಿತ್ರ. ಮಾಳಿಗೆಯ ಮೇಲೆ ಒಂದು ದುರ್ಬೀನು. ಓದಿ ಕಲಿತ ವಿದ್ಯೆಯೇನಲ್ಲ. ಚಂದ ಕಂಡದ್ದನ್ನು ನಾಲ್ಕು ಮಂದಿಗೆ ತೋರಿಸದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ, ಅಷ್ಟೇ.

೧. ನಾಲ್ಕೂವರೆ ಇಂಚಿನ ಪೈಪು

ದುರ್ಬೀನು ತಂದ ದಿನವೇ ಶುರುವಾಯಿತು. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಉದ್ದನೆಯ ಕೊಳವೆಯನ್ನು ಚಾದರದಲ್ಲಿ ಸುತ್ತಿಕೊಂಡು ಸುರಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು. ಅರ್ಧ ದಾರಿ ಅದನ್ನೇ ನೋಡಿದರು.

"ಎಷ್ಟು ಇಂಚಿಂದ್ರಿ ಅಕ್ಕಾರ, ಪೈಪು?"

"ನಾಲ್ಕೂವರಿ ಇಂಚಿಂದ್ರಿ. ಆದ್ರ ಬೋರಿನ ಪೈಪಲ್ಲ, ದುರ್ಬೀನು. ಮುಗಿಲು ನೋಡೂದು."

ಹಿರಿಯರು ಗಂಭೀರವಾಗಿ ತಲೆಯಾಡಿಸಿದರು. ಶಹಾಪುರ ಬಂದಾಗ ಕೊಳವೆ ಇಳಿಸಲು ತಾವೇ ಕೈ ಹಚ್ಚಿದರು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೂಗಿದರು:

"ಅಕ್ಕಾರ, ನಮ್ಮ ಹೊಲದಾಗ ಕೆಳಗ ಐದು ಬೋರು ಕೊರಸೀವಿ, ನೀರಿಲ್ಲ. ಮ್ಯಾಲ ಎಲ್ಲ್ಯಾರ ಕಂಡ್ರ ಹೇಳಿ ಕಳಸ್ರಿ!"

೨. ಯಾರ ಹೊಲ ಇದು?

ಪಕ್ಕದ ಮನೆಯ ಖಾಲಾ ನನ್ನ ಗೋಡೆಯ ಕಾಯಂ ಪ್ರೇಕ್ಷಕಿ. ಎಪ್ಪತ್ತು ದಾಟಿದವರು. ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ದಿನಾ ಸಂಜೆ ಚಹಾದ ಕಪ್ಪು ಹಿಡಿದು ಒಂದೊಂದು ಚಿತ್ರದ ಮುಂದೆ ನಿಂತು ತೀರ್ಪು ಕೊಡುತ್ತಿದ್ದರು.

ಒಂದು ದಿನ ಮಂಗಳ ಗ್ರಹದ ಹೊಸ ಚಿತ್ರ ಅಂಟಿಸಿದ್ದೆ. ಅಲ್ಲಿ ಓಡಾಡುವ ಯಂತ್ರದ ಗಾಡಿ ತೆಗೆದದ್ದು. ಖಾಲಾ ಮೂಗು ತಾಗುವಷ್ಟು ಹತ್ತಿರ ಹೋದರು.

"ಮೆಣಸಿನಕಾಯಿ ಭಾಳ ಚಲೋ ಒಣಗ್ಯಾವ. ಯಾರ ಕಣದಾಗ?"

ಹಾಲು ಹಾಕಲು ಬಂದಿದ್ದ ಸಗರ ಊರಿನ ಹೆಣ್ಣುಮಗಳು ನಕ್ಕಳು. "ಮೆಣಸಿನಕಾಯಿ ಎಲ್ಲೈತ್ರಿ ಖಾಲಾ, ಅವು ಕಲ್ಲು! ಇದು ಹತ್ತಿಕುಣಿ ಕಡಿ ಹೊಲ. ಬಿತ್ತೂ ಟೈಮ್ ಬಂತು, ಇನ್ನೂ ಕಲ್ಲು ಆರಿಸಿಲ್ಲ ನೋಡ್ರಿ. ಎಂಥಾ ಮಂದಿ!"

"ಅಲ್ಲಿ ಮಂದಿನೇ ಇಲ್ಲವ್ವ," ಅಂದೆ. "ಅದು ಮಂಗಳ ಗ್ರಹ."

"ನೀರಾವರಿ ಅದ ಏನ್ರಿ?"

"ಕೋಟಿಗಟ್ಟಲೆ ವರ್ಷದ ಹಿಂದ ಹರೀತಿತ್ತಂತ. ಈಗ ಹರಿದ ಗುರುತಷ್ಟ ಅವ."

ಅವಳು ಹಾಲಿನ ಕ್ಯಾನು ಎತ್ತಿಕೊಂಡು ನಿಟ್ಟುಸಿರುಬಿಟ್ಟಳು. "ಹಂಗಂದ್ರ ಅದೂ ನಮ್ಮಂಗ ಕಾಲುವಿ ಕೊನಿ ಹೊಲ ಅನ್ರಿ. ನೀರು ಬಂದಿತ್ತಂತ ಹಿರ್ಯಾರು ಹೇಳೂದಷ್ಟ."

೩. ಬೋರಲು ಬಿದ್ದ ಚಾಂದ್

ಕಲ್ಲು ಮೆಣಸಿನಕಾಯಿ ಆಗಿ ಕಂಡಿದ್ದು ಸುಮ್ಮನೆ ಅಲ್ಲ. ಖಾಲಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ನಮ್ಮ ಕಡೆ ಹೇಳುವ ಮೋತಿಬಿಂದು. ಆಪರೇಶನ್ ಅಂದರೆ ಮಾತು ತಿರುಗಿಸುತ್ತಿದ್ದರು. ಬಹಳ ಹಿಂದೆ ಅವರ ಅಕ್ಕನಿಗೆ ಮಾಡಿಸಿದ್ದು ಕೆಟ್ಟು ಕಣ್ಣೇ ಹೋಗಿತ್ತಂತೆ. "ಇದ್ದಷ್ಟು ಕಾಣ್ತದಲ್ಲ ಬೇಟಿ, ಸಾಕು," ಅನ್ನುವರು.

ಒಂದು ವಿಷಯಕ್ಕೆ ಮಾತ್ರ ಅದು ಸಾಕಾಗುತ್ತಿರಲಿಲ್ಲ. ರಂಜಾನ್ ಮುಗಿಯುವ ಸಂಜೆ ಹಬ್ಬದ ಚಾಂದ್ ಹುಡುಕುವುದರಲ್ಲಿ ಓಣಿಗೆಲ್ಲ ಖಾಲಾನೇ ಮೊದಲು. ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಆ ಪಟ್ಟ ಯಾರಿಗೂ ಬಿಟ್ಟವರಲ್ಲ. ಅವರು "ಚಾಂದ್ ಮುಬಾರಕ್!" ಅಂತ ಕೂಗಬೇಕು, ಆಮೇಲೆಯೇ ಹೆಂಗಸರು ಅವರಿಗೆ ಸಲಾಂ ಹೇಳಿ, ಹಬ್ಬದ ಪಾಯಸ ಸುರ್ಕುಂಬಾಕ್ಕೆ ಶಾವಿಗೆ ಹುರಿಯಲು ಇಳಿಯಬೇಕು.

ಆ ವರ್ಷ ಎಲ್ಲರೂ ನನ್ನ ಮಾಳಿಗೆಗೆ ಬಂದಿದ್ದರು. ಖಾಲಾ ಪಡುವಣಕ್ಕೆ ಮುಖ ಮಾಡಿ ನಿಂತೇ ಇದ್ದರು. ಅವರ ಸೊಸೆ ಮೆಲ್ಲಗೆ, "ಅಮ್ಮೀ, ಅಲ್ಲಿ ಅದ," ಅಂದಳು.

"ಎಲ್ಲಿ? ಅದು ಧೂಳು."

ಅತ್ತೆ-ಸೊಸೆ ಜಗಳ ನನ್ನ ಮಾಳಿಗೆಯ ಮೇಲೆ ಬೇಡವೆಂದು ದುರ್ಬೀನು ಅತ್ತ ತಿರುಗಿಸಿದೆ. ಸೊಸೆ ಕಣ್ಣಿಟ್ಟವಳೇ ಚೀರಿದಳು. "ಯಾ ಅಲ್ಲಾ! ಚಾಂದ್ ಬೋರಲ ಬಿದ್ದದ!"

ಕನ್ನಡಿಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಹಿಂದಿನಿಂದ ಯಾರೋ, "ಹಂಗಾದ್ರ ಮೊದಲ ಸುರ್ಕುಂಬಾ ಕುಡದು ಆಮ್ಯಾಲ ರೋಜಾ ಉಪವಾಸ ಹಿಡಿಯೂದೇನ್ರಿ?" ಅಂದರು.

ನಗು ನಿಂತ ಮೇಲೆ ಖಾಲಾ ಬಂದು ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಓಣಿಗೆ ಓಣಿಯೇ ಅವರ ಬಾಯಿ ನೋಡುತ್ತ ನಿಂತಿತ್ತು. ಕೊನೆಗೆ ನೆಟ್ಟಗಾಗಿ ಸೆರಗು ಸರಿಮಾಡಿಕೊಂಡರು.

"ಬೇಟಿ, ನಿನ್ನ ದುರ್ಬೀನಿಗೆ ಮೋತಿಬಿಂದು ಬಂದದ. ಆಪರೇಶನ್ ಮಾಡಿಸು."

ಹೇಳಿ, ಮೆಟ್ಟಿಲನ್ನು ಕಾಲಿಂದ ತಡವುತ್ತ ಇಳಿದುಹೋದರು.

೪. ಒಂದು ಇಳಿಯಲಿ

ದೇಶದೇಶದ ರೋಗಿಗಳನ್ನು ಆಪರೇಶನ್ನಿಗೆ ಒಪ್ಪಿಸಿದವಳು ನಾನು. ತಿಂಗಳುಗಟ್ಟಲೆ ಹೇಳಿದರೂ ಖಾಲಾ ಜಗ್ಗಲಿಲ್ಲ. ಅವರು ಜಗ್ಗಿದ್ದು ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಸಂಜೆ.

ನನ್ನ ಟಿ.ವಿ. ಮುಂದೆ ಓಣಿಯೆಲ್ಲ ಕೂತಿತ್ತು. ಖಾಲಾ ಎಲ್ಲರಿಗಿಂತ ಮುಂದೆ. ಕಾಣದ್ದನ್ನು ನನ್ನಿಂದ ಕೇಳಿ ತಿಳಿದುಕೊಳ್ಳುತ್ತಿದ್ದರು.

"ಅಲ್ಲಿ ತಗ್ಗು-ದಿನ್ನಿ ಭಾಳ ಅವಂತಲ್ಲ. ಹೆಂಗ ಇಳೀತದ?"

"ಅದಕ್ಕ ಕ್ಯಾಮೆರಾದ ಕಣ್ಣು ಇಟ್ಟಾರ್ರಿ. ಕಲ್ಲು ಕಂಡ್ರ ಸರದು ಇಳೀತದ."

"ಹಿಂದಿಂದು ಬಿದ್ದಿತ್ತಲ್ಲ?"

"ಇಳಿಯೂದು ಬಿದ್ದಿತ್ರಿ. ಅದರ ಜೋಡಿ ಹೋದದ್ದು ಇನ್ನೂ ಮ್ಯಾಲ ಚಂದ್ರನ ಸುತ್ತ ತಿರಗಾಕತ್ತದ, ಚಲೋ ಅದ."

"ಬಿದ್ದ ಮ್ಯಾಲೂ ಮತ್ತೊಂದು ಕಳಿಸ್ಯಾರ?"

"ಯಾಕ ಬಿತ್ತಂತ ತಿಳಕೊಂಡು, ಸರಿ ಮಾಡಿ ಕಳಿಸ್ಯಾರ."

ಅಷ್ಟರಲ್ಲಿ ನೌಕೆ ಇಳಿಯಿತು. ಮನೆ ಚಪ್ಪಾಳೆಯಿಂದ ನಡುಗಿತು. ಸೊಸೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಖಾಲಾ ಸಕ್ಕರೆ ಚಪ್ಪರಿಸುತ್ತ ನನ್ನ ಕಡೆ ತಿರುಗಿದರು.

"ಯಾದಗಿರಿ ದವಾಖಾನಿಗೆ ಯಾವ ಬಸ್ಸು ಹಿಡೀಬೇಕು?"

"ನಾಳೆನೇ ಹೋಗೂಣ್ರಿ ಖಾಲಾ. ಎರಡೂ ಕಣ್ಣು ತೋರಿಸೂಣು."

"ಎರಡೂ ಒಮ್ಮೆಲೇ ಬ್ಯಾಡ. ಒಂದು ಇಳೀಲಿ. ಇನ್ನೊಂದು ಮ್ಯಾಲ ತಿರಗಾಕತ್ತಿರಲಿ."

೫. ಎರಡನೇ ಆಪರೇಶನ್

ಒಂದು ಕಣ್ಣು ಸುಖವಾಗಿ ಇಳಿಯಿತು. ಪಟ್ಟಿ ಬಿಚ್ಚಿದಾಗ ಎದುರಿಗೆ ನಾನೇ ಇದ್ದೆ. ಖಾಲಾ ನನ್ನ ಮುಖವನ್ನೇ ದಿಟ್ಟಿಸಿದರು. "ಬೇಟಿ, ನೀನೂ ಮುದುಕಿನೇ? ಇಷ್ಟು ದಿನ ಒಂದ ಮಾತು ಹೇಳಲಿಲ್ಲ!"

ಮನೆಗೆ ಬಂದವರೇ ಗೋಡೆಯ ಚಿತ್ರಗಳನ್ನೆಲ್ಲ ಹೊಸದಾಗಿ ನೋಡಿದರು. ಮಂಗಳದ ಮುಂದೆ ನಿಂತು, "ಇವು ಕಲ್ಲು. ಮೆಣಸಿನಕಾಯಿ ಅಂದಾವರು ಯಾರು?" ಅಂತ ನನ್ನನ್ನೇ ಗದರಿಸಿದರು.

ಮತ್ತೆ ರಂಜಾನಿನ ಕೊನೆಯ ಸಂಜೆ ಬಂತು. ಮತ್ತೆ ನನ್ನ ಮಾಳಿಗೆ ತುಂಬಿತು. ಈ ಸಲ ಖಾಲಾನ ಪಟ್ಟ ತಪ್ಪಬಾರದೆಂದು ನಾನು ಮಧ್ಯಾಹ್ನದಿಂದಲೇ ತಯಾರಿ ನಡೆಸಿದ್ದೆ. ಚಂದ್ರ ಎಲ್ಲಿ ಕಾಣುತ್ತಾನೆಂದು ಮೊಬೈಲಿನಲ್ಲಿ ಲೆಕ್ಕ ತೆಗೆದು, ದುರ್ಬೀನನ್ನು ಅಲ್ಲಿಗೇ ಗುರಿಯಿಟ್ಟಿದ್ದೆ. ನನಗೆ ಕಂಡ ಕೂಡಲೇ ತುಟಿ ಪಿಟಕ್ಕೆನ್ನದೆ ಖಾಲಾನನ್ನು ಕರೆದು ತೋರಿಸುವುದು ಉಪಾಯ. ಸೊಸೆಯೂ ಜಾಣೆ. ಅಪ್ಪಿತಪ್ಪಿ ತನಗೆ ಮೊದಲು ಕಂಡೀತೆಂದು ತನ್ನ ಕಾಲ್ಬೆರಳನ್ನೇ ನೋಡುತ್ತ ನಿಂತಿದ್ದಳು.

ದುರ್ಬೀನಿನಲ್ಲಿ ಕಣ್ಣಿಟ್ಟೆ. ಕಪ್ಪು. ತಿರುಪು ತಿರುಗಿಸಿದೆ. ಕಪ್ಪು. ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಅಮಾವಾಸ್ಯೆಯಂಥ ಕಪ್ಪು.

"ಇನ್ನೂ ಕಾಣವಲ್ದುರಿ," ಅಂತ ಓಣಿಗೆ ವರದಿ ಕೊಟ್ಟೆ. "ಧೂಳು ಅದ."

"ಚಾಂದ್ ಮುಬಾರಕ್!"

ಹಿಂದಿನಿಂದ ಬಂದ ಆ ದನಿಗೆ ಮಾಳಿಗೆಯೇ ಬೆಚ್ಚಿತು. ಖಾಲಾ ನೀರಿನ ಟಾಕಿಯ ಮೇಲ್ಗಡೆ ಬೆರಳು ತೋರಿಸುತ್ತ ನಿಂತಿದ್ದರು. ಎಲ್ಲರೂ ನೋಡಿದರು. ಕತ್ತರಿಸಿದ ಉಗುರಿನಷ್ಟು ತೆಳ್ಳಗೆ, ಅಲ್ಲೇ ಇತ್ತು. ಹೆಂಗಸರು ಮುತ್ತಿಕೊಂಡು ಸಲಾಂ ಹೇಳಿದರು. ಸೊಸೆ ಕಾಲ್ಬೆರಳಿನಿಂದ ತಲೆಯೆತ್ತಿ ಅತ್ತೆಯನ್ನು ಅಪ್ಪಿಕೊಂಡಳು.

ನಾನು ಇನ್ನೂ ದುರ್ಬೀನಿಗೆ ಕಣ್ಣಿಟ್ಟುಕೊಂಡೇ ಇದ್ದೆ. "ಇದರಾಗ ಏನೂ ಕಾಣವಲ್ದಲ್ರಿ ಖಾಲಾ, ಎಲ್ಲಾ ಕತ್ತಲ!"

ಖಾಲಾ ಸಲಾಮುಗಳ ನಡುವಿನಿಂದ ದಾರಿ ಮಾಡಿಕೊಂಡು, ಗೋಡೆ ಹಿಡಿಯದೆ ನೆಟ್ಟಗೆ ನಡೆದು ಬಂದರು. ಕೊಳವೆಯ ಆ ತುದಿಗೆ ಹೋಗಿ, ನಾನು ತೆಗೆಯಲು ಮರೆತಿದ್ದ ಕರಿ ಮುಚ್ಚಳವನ್ನು ಕಿತ್ತು ನನ್ನ ಕೈಗಿಟ್ಟರು.

"ತಗೋ ಬೇಟಿ, ಇದರದೂ ಆಪರೇಶನ್ ಆಯ್ತು. ಎಂಟು ದಿನ ನೀರು ತಾಕಿಸಬ್ಯಾಡ."