ತೂತಿನ ಲೆಕ್ಕದ ಸಮುದ್ರ

ಕಾರ್ಡಿನ ಪೆಟ್ಟಿಗೆಯನ್ನು ಕನೀಜ್ ಮನೆಗೆ ತಂದದ್ದೇ ತಪ್ಪಾಯಿತು.

ಹೆಬ್ಬಾಳದ ಅವಳ ಕಚೇರಿಯಲ್ಲಿ ಬೀರುವಿನಂಥ ಕಂಪ್ಯೂಟರ್ ಒಂದಿತ್ತು. ಜಗತ್ತಿನ ಸಮುದ್ರಗಳಲ್ಲೆಲ್ಲ ನಾಳೆ ಅಲೆ ಎಷ್ಟೆತ್ತರ ಏಳುತ್ತದೆಂದು ಅದು ಲೆಕ್ಕ ಹಾಕುತ್ತಿತ್ತು. ಹಡಗುಗಳಿಂದ ಬಂದ ಅಂಕಿಗಳನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ನಂಬರಿನಂತೆ ಜೋಡಿಸಿ ಅದಕ್ಕೆ ಉಣ್ಣಿಸುವುದು ಕನೀಜಳ ಕೆಲಸ. ಕೆಲಸ ಇನ್ನೂ ಟೆಂಪರರಿ. ಇವತ್ತು ಗುರುಪಾದಪ್ಪ ಸಾಹೇಬರು ಅದನ್ನು ಕಾಯಂ ಮಾಡಿ ಸಹಿ ಹಾಕುವವರಿದ್ದರು. ಒಂದು ತೂತೂ ತಪ್ಪಬಾರದೆಂದು ಅವಳು ಕಾರ್ಡುಗಳನ್ನು ಮನೆಯಲ್ಲಿ ಇನ್ನೊಮ್ಮೆ ನೋಡಿದ್ದಳು.

ಬೆಳಿಗ್ಗೆ ಆರ್.ಟಿ. ನಗರದ ಗಲ್ಲಿ ದಾಟುವಾಗ ಪಕ್ಕದ ಮನೆಯ ಮುನಿಗಂಗಮ್ಮನ ಎಮ್ಮೆಯ ಹಗ್ಗ ಕಾಲಿಗೆ ಸಿಕ್ಕಿತು. ಅವಳು ಬಿದ್ದಳು, ಪೆಟ್ಟಿಗೆ ಬಾಯಿ ಬಿಟ್ಟಿತು. ಅಟ್ಲಾಂಟಿಕ್ ಚರಂಡಿಯ ಅಂಚಿಗೆ ಹೋಯಿತು, ಬಂಗಾಳ ಕೊಲ್ಲಿ ಎಮ್ಮೆಯ ಕಾಲಡಿ ಸೇರಿತು.

"ಮೊದ್ಲು ಮಂಡಿಗೆ ಅರಿಶಿನ ಆಕ್ಕೋ ಬಾ. ಕಾಗ್ದ ನಮ್ಮೆಜಮಾನ್ರು ಆಯ್ತಾರೆ" ಎಂದು ಮುನಿಗಂಗಮ್ಮ ಅವಳನ್ನು ಒಳಗೆಳೆದುಕೊಂಡಳು.

ಹೊರಬರುವಷ್ಟರಲ್ಲಿ ಯಜಮಾನ ಆಂಜಿನಪ್ಪ ಪೆಟ್ಟಿಗೆಗೆ ದಾರ ಬಿಗಿದು ನಿಂತಿದ್ದ. ರಿಟೈರಾದ ಬಸ್ ಕಂಡಕ್ಟರು.

"ಸರಿಯಾಗಿ ಜೋಡಿಸಿದ್ರಾ ತಾತ?"

"ಟಿಕೆಟ್ ತೂತು ಮಾಡ್ಕೊಂಡೇ ಮುದುಕ ಆದೋನ್ನ ಕೇಳ್ತೀಯಲ್ಲ ತಾಯಿ. ಓಗು, ಬಸ್ ಬಂತು."

ಅವಳು ಓಡಿದಳು, ಪೆಟ್ಟಿಗೆಯನ್ನು ಮೆಷಿನ್ ಕೋಣೆಯ ಕಿಟಕಿಯಲ್ಲಿ ಕೊಟ್ಟಳು.

ಮಧ್ಯಾಹ್ನ ಅವಳು ಗಲ್ಲಿಯಲ್ಲೇ ಮರೆತ ಊಟದ ಡಬ್ಬಿ ಹಿಡಿದು ಆಂಜಿನಪ್ಪನೇ ಕಚೇರಿಗೆ ಬಂದ. ಅವಳು ಉಣ್ಣಲು ಕೂತಾಗ ಹೇಳಿದ, "ತೂತು ಕಮ್ಮಿ ಇರೋವು ಮುಂದೆ, ಜಾಸ್ತಿ ಇರೋವು ಇಂದೆ ಇಟ್ಟಿದೀನಿ. ಕಮ್ಮಿ ತೂತು ಅಂದ್ರೆ ಅತ್ರದ ಸ್ಟೇಜು, ಅದು ಮೊದ್ಲು ಬರ್ಬೇಕಲ್ವಾ? ಯಾರೋ ನಂಬರ್ ಆಕಿ ಎಲ್ಲಾ ಕಲಸಿಬಿಟ್ಟಿದ್ರು."

ಕನೀಜಳ ಕೈಯ ತುತ್ತು ಡಬ್ಬಿಗೇ ಬಿತ್ತು.

ಅಷ್ಟರಲ್ಲಿ ಪಕ್ಕದ ಮೇಜಿನ ಹನುಮಯ್ಯ ಹೇಳಿದ, "ಬಂಗುಡೆ ಮೀನಿನ ಆಸೆ ಬಿಡಿ ಮೇಡಂ. ಅಲೆ ಮೂರಾಳೆತ್ತರ ಏಳುತ್ತಂತೆ. ಮಂಗಳೂರಲ್ಲಿ ದೋಣಿ ಇಳಿಸ್ಬೇಡಿ ಅಂತ ತಂತಿ ಹೋಯ್ತು."

ಮೂರಾಳೆತ್ತರ. ಆಂಜಿನಪ್ಪನ ಸ್ಟೇಜುಗಳು ಎಬ್ಬಿಸಿದ ಅಲೆ! ದಡದಲ್ಲಿ ಸುಮ್ಮನೆ ನಿಂತ ದೋಣಿಗಳು, ಒಲೆ ಹೊತ್ತದ ಮನೆಗಳು ಕಣ್ಣಿಗೆ ಕಟ್ಟಿದವು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಕಾಯಂ. ಅವಳ ಕಾಲು ಮಾತ್ರ ಆಗಲೇ ಸಾಹೇಬರ ಕೋಣೆಯ ಕಡೆ ನಡೆದಿತ್ತು.

ಗುರುಪಾದಪ್ಪನವರು ಅವಳ ಆರ್ಡರಿನ ಮೇಲೆ ಪೆನ್ನು ಇಟ್ಟಿದ್ದರು. ಅವಳು ಎಮ್ಮೆಯಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಆ ತಂತಿ ವಾಪಸ್ ತರಿಸಿ ಸಾರ್. ಅಲೆ ಸುಳ್ಳು."

"ಅಲೆ ನಿಜಾನೇ ಕಣ್ರಮ್ಮಾ" ಎಂದರು ಅವರು. "ಅದು ನೀವು ನಿನ್ನೆ ಕೊಟ್ಟ ಕಾರ್ಡಿನ ಲೆಕ್ಕ. ಅಲ್ಲಿ ಗಾಳಿ ಆಗ್ಲೇ ಎದ್ದಿದೆಯಂತೆ. ಬೆಳಿಗ್ಗೆಯಿಂದ ಎ.ಸಿ. ಕೆಟ್ಟಿದೆ, ಬಿಸಿಯಾಗುತ್ತೆ ಅಂತ ಮೆಷಿನ್ ಆನ್ ಮಾಡೇ ಇಲ್ಲ. ಇವತ್ತಿನ ಪೆಟ್ಟಿಗೆ ದಾರ ಕೂಡ ಬಿಚ್ಚಿಲ್ಲ."

ಕನೀಜಳಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. "ನಿನ್ನೆ ಲೆಕ್ಕ ಅಷ್ಟು ಚೆನ್ನಾಗಿ ಬಂತು ಅಂತಲೇ ಸಹಿ ಹಾಕ್ತಿದ್ದೆ. ಈಗ ಎಮ್ಮೆ ವಿಷಯ ಗೊತ್ತಾದ ಮೇಲೆ ಹೇಗೆ ಹಾಕ್ಲಿ, ಹೇಳಿ? ಆದ್ರೆ ನಿಮ್ಮಷ್ಟು ಪ್ರಾಮಾಣಿಕರನ್ನ ನಾನು ನೋಡಿಲ್ಲ. ಇನ್ನೊಂದು ವರ್ಷ ಧಾರಾಳವಾಗಿ ಟೆಂಪರರಿಯಾಗೇ ಇರಿ."