ಮೂರು ಅಡಚಣೆ, ಒಂದು ಮೂಗು

ಶಹಾಪುರದಲ್ಲಿ ನಮ್ಮ ಕಾಕಾನ ಮೂಗಿಗಿಂತ ದೊಡ್ಡ ಮೂಗು ಇನ್ನೊಂದಿದ್ದರೆ ತೋರಿಸಿ, ನಾನು ಮಿಮಿಕ್ರಿ ಮಾಡುವುದನ್ನೇ ಬಿಟ್ಟುಬಿಡುತ್ತೇನೆ! ಓಣಿಯ ತಿರುವಿನಲ್ಲಿ ಮೊದಲು ಅದು ಬರುತ್ತದೆ, ಹಿಂದಿನಿಂದ ಕಾಕಾ ಬರುತ್ತಾನೆ. ಇಂಥ ಭರ್ಜರಿ ಮೂಗಿದ್ದೂ ಅದರ ಕೆಲಸವನ್ನೆಲ್ಲ ಎರಡು ತಿಂಗಳು ನನ್ನ ಚಪ್ಪಟೆ ಮೂಗು ಮಾಡಬೇಕಾಯಿತು. ಯಾಕೆ ಅಂತೀರಾ? ಬೆಕ್ಕಿನ ಮರಿಗಳ ದೆಸೆಯಿಂದ.

ಕಾಕಾ ಕಾಲುವೆಯ ಗೇಟು ಎತ್ತುವವನು. ಚಕ್ರ ತಿರುಗಿಸಿ ಹೊಲಗಳಿಗೆ ನೀರು ಬಿಡುವುದು ಅವನ ನೌಕರಿ. ಆ ಸಲ ನಾರಾಯಣಪುರ ಡ್ಯಾಮಿನಿಂದ ಬಿಟ್ಟ ನೀರು ಗೇಟಿನ ತನಕ ಬಂದು ನಿಂತಿತ್ತು, ರೈತರು ದಂಡೆಯ ಮೇಲೆ ಕಾದು ನಿಂತಿದ್ದರು. ಕಾಕಾ ಚಕ್ರ ಹಿಡಿದ. ಹಿಡಿದವನು ಅದನ್ನು ಬಿಟ್ಟು ಪ್ಯಾಂಟು ಮಡಚಿ, ಗೇಟಿನಾಚೆಯ ಒಣ ತೂಬಿನೊಳಗೆ ತೂರಿಕೊಂಡ! ಒಳಗೆ ಏನೋ ಮಿಯಾಂವ್ ಎಂದಿತ್ತಂತೆ. ದಂಡೆಯ ಮೇಲಿಂದ ಬೈಗುಳ ಶುರುವಾಯಿತು. ಸಾಹೇಬರ ಫೋನೂ ಬಂತು.

"ಗೇಟ್ ಯಾಕ ಎತ್ತಿಲ್ಲಪಾ?"

"ತೂಬಿನ್ಯಾಗ ಅಡಚಣಿ ಅದರಿ, ಸಾಹೇಬ್ರ."

"ಏನ್ ಅಡಚಣಿ? ಕಲ್ಲೋ, ಹೂಳೋ?"

"ಮೂರು ಅಡಚಣಿ ಅವರಿ. ಒಂದು ಈಗಷ್ಟ ಕಣ್ಣು ಬಿಟ್ಟದ."

ಮರಿಗಳನ್ನು ದಂಡೆಗೆ ತಂದು, ಗೇಟು ಎತ್ತಿ, ತಾಯಿ ಬೆಕ್ಕಿಗಾಗಿ ಅವನು ಸಂಜೆಯವರೆಗೆ ಅಲ್ಲೇ ಕೂತ. ಅದು ಬರಲಿಲ್ಲ. ಮೂರೂ ಅಡಚಣೆಗಳು ಅವನ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದವು.

ಮನೆಯಲ್ಲಿ ಕಾಕಿ. ಅವಳು ತೆಲಂಗಾಣ ಗಡಿಯ ಗುರುಮಠಕಲ್ಲಿನ ಮಗಳು. ಮಾತು ಕನ್ನಡ, ಸಿಟ್ಟು ತೆಲುಗು. ಮರಿಗಳು ಹತ್ತಿಯ ಬತ್ತಿಯಿಂದ ಹಾಲು ಚೀಪುತ್ತಿದ್ದಾಗ ಅವಳೂ ಮುದ್ದಾಡಿದಳು. ಆದರೆ ಕುಡಿದದ್ದು ಎಲ್ಲಿಗಾದರೂ ಹೋಗಬೇಕಲ್ಲ! ಅದು ಅಕ್ಕಿಯ ಚೀಲದ ಹಿಂದೆ ಹೋಯಿತು. ಕಾಕಾ ಎಣ್ಣೆ ಡಬ್ಬಿ ಸೀಳಿ, ಮರಳು ತುಂಬಿ, ಮರಿಗಳಿಗೆ ಹಿಂದಿನ ಕೋಣೆಯಲ್ಲಿ ಪಾಯಖಾನೆ ಕಟ್ಟಿಸಿಕೊಟ್ಟ. ಮೂರೇ ದಿನಕ್ಕೆ ಪಕ್ಕದ ಮನೆಯ ಟೀಚರು ಕಿಟಕಿ ಮುಚ್ಚಿದರು. ಓಣಿಯ ಕೊನೆಯ ಮನೆಯ ಅಜ್ಜ ಕೋಲೂರಿಕೊಂಡು ಬಂದೇಬಿಟ್ಟ.

"ಇಷ್ಟು ವರ್ಷಾತು, ನಿನ್ನ ಕಾಲುವಿ ನೀರು ನನ್ನ ಕೊನೀ ಹೊಲಕ್ಕ ಮುಟ್ಟಿಲ್ಲ. ನಿನ್ನ ಬೆಕ್ಕಿನ ನಾತ ಮೂರ ದಿನದಾಗ ಕೊನೀ ಮನಿಗಿ ಮುಟ್ಟ್ಯದ ನೋಡೋ ಮಾರಾಯ!"

ಕಾಕಿ ಅವತ್ತೇ ಹುಕುಂ ಹೊರಡಿಸಿದಳು. ದೀಪಾವಳಿಗೆ ತವರಿಗೆ ಹೋಗಿ ಬರುತ್ತಾಳೆ. ಬಂದು ಹೊಸ್ತಿಲಲ್ಲಿ ನಿಂತು ಮೂಸುತ್ತಾಳೆ. ವಾಸನೆ ಬಂತೋ, ಮೂರೂ ರೈಸ್ ಮಿಲ್ಲಿಗೆ! ಮಿಲ್ಲಿನ ಗೇಟಿನಲ್ಲಿ ಎರಡು ನಾಯಿಗಳಿವೆ ಎಂಬುದು ಕಾಕಾನಿಗೆ ಗೊತ್ತಿತ್ತು. ಆ ದಿನ ಅವನು ಊಟ ಬಿಟ್ಟ.

ಮರುದಿನ ನನ್ನನ್ನು ಕರೆದ. "ನಿನ್ನ ಮೂಗು ಹೊಸಾದು, ನಂದು ಸರ್ವೀಸ್ ಆಗ್ಯದ. ನೀ ಮೂಸಿ ಹೇಳು, ನಾ ಬಂದೋಬಸ್ತ್ ಮಾಡ್ತೀನಿ."

ಬಿ.ಎ. ಮುಗಿಸಿ ಖಾಲಿ ಕೂತಿದ್ದ ನನಗೆ ಸಿಕ್ಕ ಮೊದಲ ನೌಕರಿ ಇದು! ಕಾಲುವೆಯ ಗೋಡೆಗೆ ನೀರಿನ ಮಟ್ಟ ಅಳೆಯಲು ಗೆರೆ ಎಳೆದಿರುತ್ತಾರಲ್ಲ, ಹಾಗೆ ಕಾಕಾ ಡಬ್ಬಿಯಿಂದ ಅಡುಗೆಮನೆಯವರೆಗೆ ನೆಲದ ಮೇಲೆ ಸೀಮೆಸುಣ್ಣದಿಂದ ಅಡಿಗೊಂದು ಗೆರೆ ಎಳೆದ. ನಾನು ಕಣ್ಣು ಮುಚ್ಚಿಕೊಂಡು ನಡೆಯಬೇಕು, ವಾಸನೆ ಬಡಿದಲ್ಲಿ ನಿಂತು ಕೂಗಬೇಕು. ಮರಳಿಗೆ ಎಂಟು ಫೂಟು ಬಂತು. ಲೋಬಾನ ಹಾಕಿ ನೋಡಿದ, ಹನ್ನೊಂದಕ್ಕೆ ಏರಿತು!

"ಕಾಕಾ, ಈಗ ಬೆಕ್ಕಿನ ನಾತಾನೂ ಅದ, ಲೋಬಾನಾನೂ ಅದ. ಎರಡೂ ಜಗಳಾಡಾಕತ್ತಾವ."

ಆಮೇಲೆ ಹೊಳೆದದ್ದು ಬೂದಿ. ಕಾಲುವೆ ಬಂದಿದ್ದರಿಂದ ಭತ್ತ ಬಂತು, ಭತ್ತದಿಂದ ಮಿಲ್ಲು ಬಂತು, ಮಿಲ್ಲಿನ ಹಿಂದೆ ಸುಟ್ಟ ಹೊಟ್ಟಿನ ಬೂದಿ ಗುಡ್ಡದಂತೆ ಬಿದ್ದಿರುತ್ತದೆ. ಚೀಲಗಟ್ಟಲೆ ಹೊತ್ತು ತಂದೆವು. ಎರಡು ಡಬ್ಬಿ ಮಾಡಿ ಕಾಕಾ ಕಾಲುವೆಯ ನೀರಿನ ಸರದಿಯಂತೆ ವಾರಾಬಂದಿ ಜಾರಿಗೆ ತಂದ: ಒಂದು ಚಾಲೂ, ಇನ್ನೊಂದು ಬಂದ್. ಬಂದ್ ಆದದ್ದನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಇಡುವುದು. ಮರಿಗಳು ಏನು ಮಾಡಿದವು ಗೊತ್ತೇ? ಬಂದ್ ಆದ ಡಬ್ಬಿಯನ್ನೇ ಹುಡುಕಿಕೊಂಡು ಅಂಗಳಕ್ಕೆ ಹೋದವು. ಕಾಲುವೆಯ ಅಚ್ಚುಕಟ್ಟು ಪ್ರದೇಶದಲ್ಲಿ ಹುಟ್ಟಿದ ಮರಿಗಳಲ್ಲವೇ, ರೈತರಂತೆ ಅವಕ್ಕೂ ಬಂದ್ ಆದ ಗೇಟೇ ಬೇಕು!

ಆದರೂ ವಾಸನೆ ಎರಡು ಫೂಟಿಗೆ ಇಳಿಯಿತು. ಕಾಕಾ ಡಬ್ಬಿಯ ಮೇಲೆ ಬಗ್ಗಿ, ಆ ಮೂಗನ್ನು ಬೂದಿಗೆ ತಾಗಿಸಿ, "ಏನೂ ಬರವಲ್ದಲ್ಲೋ!" ಎನ್ನುತ್ತಿದ್ದ. ಅದನ್ನು ನಾನು ಸುರಪುರದ ಮದುವೆಯೊಂದರಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಒನ್ಸ್ ಮೋರ್ ಬೇರೆ!

ಈ ನಡುವೆ ಒಂದು ದಿನ, ಡಬ್ಬಿ ಬದಲಿಸಲು ಮರೆತಾಗ, ಕಾಕಿ ಹಿಂದಿನ ಕೋಣೆಗೆ ಬಂದು ಸೆರಗು ಮೂಗಿಗೆ ಹಿಡಿದಳು. "ಅಬ್ಬಬ್ಬಾ, ಕಂಪು!"

ಕಾಕಾ ಹಿಗ್ಗಿದ. "ಕೇಳಿದೇನೋ? ಕಂಪು ಅಂದಳು!"

"ಕಾಕಾ, ಅದು ತೆಲುಗು ಕಂಪು. ಅವರಲ್ಲಿ ಹಂಗಂದ್ರ ನಾತ."

"ಶಹಾಪುರದಾಗ ನಿಂತು ಅಂದಾಳ. ಕನ್ನಡದ ಅರ್ಥಾನೇ ನಡೀತದ."

"ಹಂಗಾದ್ರ ಮೂಗು ತುಂಬ ತಗೋರಿ ನಿಮ್ಮ ಕನ್ನಡದ ಕಂಪು!" ಎಂದಳು ಕಾಕಿ.

ಕಾಕಾ ಬಗ್ಗಿ, ಎದೆಯುಬ್ಬಿಸಿ, ಉಸಿರೆಳೆದುಕೊಂಡ. ಮುಖದ ಮೇಲೆ ಒಂದು ಗೆರೆಯೂ ಕದಲಲಿಲ್ಲ. ಹಟಕ್ಕೂ ಒಂದು ಮಿತಿ ಬೇಡವೇ ಎಂದುಕೊಂಡೆ.

ಕಾಕಿ ತವರಿನಿಂದ ಮರಳುವ ದಿನ ನನ್ನ ಮೂಗಿನ ಲೆಕ್ಕದಲ್ಲಿ ವಾಸನೆ ಸೊನ್ನೆ ಫೂಟು. ಅವಳ ಚೀಲ ತರಲು ಬಸ್‌ಸ್ಟ್ಯಾಂಡಿಗೆ ಹೋದೆ. ಮನೆಗೆ ಬಂದು ಹೊಸ್ತಿಲಲ್ಲಿ ನಿಂತು ಅವಳು ಮೂಸಿದಳು. ಹುಬ್ಬು ಗಂಟಾಯಿತು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಓಡಿದಳು.

ಒಲೆಯ ಮೇಲೆ ಮರಿಗಳ ಹಾಲು ಸೀದು, ಬೋಗುಣಿ ಕರ್ರಗಾಗಿತ್ತು. ನನಗೂ ಕೆಮ್ಮು ಬಂತು. ಒಲೆಗೆ ಬೆನ್ನು ಮಾಡಿ, ಎರಡು ಮಾರು ದೂರದಲ್ಲಿ, ಕಾಕಾ ಬೂದಿ ಜರಡಿ ಹಿಡಿಯುತ್ತ ಕೂತಿದ್ದ.

"ಹಾಲು ಸೀದು ಕರಕಾಗ್ಯದ! ವಾಸನಿ ಬರಲಿಲ್ಲೇನು ನಿಮಗ?"

ಕಾಕಾ ತಿರುಗಿ ಬೋಗುಣಿ ನೋಡಿದ. ಜರಡಿ ಕೆಳಗಿಟ್ಟ.

"ಬರಂಗಿಲ್ಲ. ಆ ಕೊರೊನಾ ಜ್ವರದಾಗ ಹೋಗಿದ್ದು, ತಿರುಗಿ ಬಂದೇ ಇಲ್ಲ."

ನನಗೆ ಸುರಪುರದ ಮದುವೆ ನೆನಪಾಯಿತು. ನಾನು ಚಪ್ಪಾಳೆ ಹೊಡೆಸಿಕೊಂಡದ್ದು ಅವನು ಹೇಳುತ್ತಿದ್ದ ನಿಜಕ್ಕೆ.

"ಮತ್ತ ದಿನಾ ಉಣ್ಣಾಕ ಕುಂತಾಗ ಘಮ್ ಅಂತದ, ಘಮ್ ಅಂತದ ಅಂತಿದ್ರಿ?" ಕಾಕಿಯ ದನಿ ಸಣ್ಣಗಾಗಿತ್ತು.

"ನೀ ಮುಚ್ಚಳಾ ತೆಗೀತಿದ್ದೆಲ್ಲ, ಆವಾಗ ನಿನ್ನ ಮಾರಿ ನೋಡತಿದ್ದೆ. ಮಾರಿ ಅರಳಿದ್ರ ಘಮ್ ಅಂತಿದ್ದೆ."

"ಅರಳದಿದ್ರ?"

"ಆವಾಗೂ ಘಮ್ ಅಂತಿದ್ದೆ. ಬೈಸ್ಕೊಳ್ಳೋರು ಯಾರು?"

ಕಾಕಿ ನಗಲಿಲ್ಲ. ಬೇರೆ ಬೋಗುಣಿಯಲ್ಲಿ ಹಾಲು ಕಾಸಿ, ಆರಿಸಿ, ಮೂರೂ ಮರಿಗಳ ಮುಂದೆ ತಾನೇ ಇಟ್ಟಳು. ರೈಸ್ ಮಿಲ್ಲಿನ ಮಾತು ಅವತ್ತು ಬರಲಿಲ್ಲ, ಆಮೇಲೆಂದೂ ಬರಲಿಲ್ಲ.

ಸಂಜೆ ಅಡುಗೆಗೆ ನಿಂತವಳು ಒಳಗಿಂದ ಕರೆದಳು. "ಬರ್ರಿ ಇಲ್ಲಿ. ನನ್ನ ಬಾಜೂಕ ನಿಂದರ್ರಿ."

ಕಾಕಾ ಹೋಗಿ ನಿಂತ.

"ಎಣ್ಣಿ ಕಾದದ. ಈಗ ಬಳ್ಳೊಳ್ಳಿ ಹಾಕೀನಿ. ಹಸೀ ಅದ, ಮೂಗಿಗಿ ಚುರ್ ಅಂತದ. ತಡೀರಿ... ಈಗ ಕೆಂಪಾಗಾಕತ್ತದ. ನಮ್ಮ ಲಗ್ನಾದ ಹೊಸದಾಗ ನಿಮ್ಮವ್ವ ಒಗ್ಗರಣಿ ಕೊಟ್ರ ಓಣಿಯವರು ಕೇಳಿಕೊಂಡು ಬರತಿದ್ರಲ್ಲ, ಹಂಗ ಬರಾಕತ್ತದ."

ಕಾಕಾ ಕಣ್ಣು ಮುಚ್ಚಿಕೊಂಡ.

"ಹೂಂ," ಎಂದ. "ಇನ್ನಷ್ಟು ಹೇಳು."